ಅಗಲಿದವರ ಮುಂದೆ ತಲೆಬಾಗಬಹುದೇ? ಕೊರಿಯದ ಧರ್ಮಸಭೆ ನಮಗೆ ಕಲಿಸುವ ಪಾಠ



ನವೆಂಬರ್ ತಿಂಗಳು ಬಂತೆಂದರೆ ನಮ್ಮ ಕರಾವಳಿಯ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಸಮಾಧಿ ಸ್ಥಳಕ್ಕೆ ಹೊಸ ಕಳೆ ಬರುತ್ತದೆ. ಮಳೆಗಾಲದಲ್ಲಿ ಬೆಳೆದ ಹುಲ್ಲನ್ನು ಕೀಳುತ್ತೇವೆ, ಶಿಲುಬೆಗಳಿಗೆ ಸುಣ್ಣ ಬಳಿಯುತ್ತೇವೆ, ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತೇವೆ. 2ನೇ ತಾರೀಖಿನಂದು ಬಲಿಪೂಜೆಯ ಬಳಿಕ ಧರ್ಮಗುರುಗಳು ಸಮಾಧಿಗಳನ್ನು ಆಶೀರ್ವದಿಸುವಾಗ ನಾವೆಲ್ಲ ನಮ್ಮ ನಮ್ಮ ಹಿರಿಯರ ಬಳಿ ನಿಂತಿರುತ್ತೇವೆ. ಇದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಪರದೇಶಕ್ಕೆ ಹೋದಾಗ, ಅಲ್ಲಿನ ಮನೆಯೊಂದರಲ್ಲಿ ಮನೆಮಂದಿಯೆಲ್ಲ ತೀರಿಕೊಂಡ ಅಜ್ಜನ ಭಾವಚಿತ್ರದ ಮುಂದೆ ನೆಲಕ್ಕೆ ಹಣೆ ಮುಟ್ಟುವಂತೆ ಅಡ್ಡಬಿದ್ದರೆ, ನಾವೇನು ಮಾಡಬೇಕು? ನಾವೂ ಅಡ್ಡಬೀಳಬಹುದೇ? ಅಥವಾ ಅದು ಮೊದಲನೆಯ ಆಜ್ಞೆಯ ಉಲ್ಲಂಘನೆಯೇ?

ಇದು ಸುಮ್ಮನೆ ಎತ್ತಿದ ಪ್ರಶ್ನೆಯಲ್ಲ. ವಿಶ್ವ ಯುವ ದಿನವು ದಕ್ಷಿಣ ಕೊರಿಯದ ಸಿಯೋಲ್ ನಗರದಲ್ಲಿ 2027ರ ಆಗಸ್ಟ್ 3ರಿಂದ 8ರವರೆಗೆ ನಿಗದಿಯಾಗಿದೆ. ಅಲ್ಲಿಗೆ ಹೋಗುವ ಯುವಜನರಲ್ಲಿ ಅನೇಕರು ಕೊರಿಯದ ಕುಟುಂಬಗಳಲ್ಲಿ ಅತಿಥಿಗಳಾಗಿ ಉಳಿಯುವವರು. ಆ ದೇಶದ ಧರ್ಮಸಭೆಯ ಇತಿಹಾಸದಲ್ಲಿ ಇದೇ ಪ್ರಶ್ನೆ ರಕ್ತ ಹರಿಸಿದೆ. ಸತ್ತವರಿಗೆ ಹೇಗೆ ಗೌರವ ಸಲ್ಲಿಸಬೇಕು ಎಂಬ ಒಂದೇ ವಿಷಯಕ್ಕಾಗಿ ಅಲ್ಲಿನ ಮೊದಲ ರಕ್ತಸಾಕ್ಷಿಗಳು ತಲೆ ಕೊಟ್ಟರು. ಅವರು ನಿರಾಕರಿಸಿದ ಆಚರಣೆಯ ಬಹುಭಾಗವನ್ನು 148 ವರ್ಷಗಳ ಬಳಿಕ ಧರ್ಮಸಭೆಯೇ ಅನುಮತಿಸಿತು. ಹಾಗಾದರೆ ಅವರ ಸಾವು ವ್ಯರ್ಥವೇ? ಈ ಲೇಖನದಲ್ಲಿ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಜೇಸಾ ಎಂದರೇನು?

ಕೊರಿಯದಲ್ಲಿ ಹಿರಿಯರಿಗೆ ಸಲ್ಲಿಸುವ ಆಚರಣೆಗೆ ‘ಜೇಸಾ’ ಎಂದು ಹೆಸರು. ಕನ್‌ಫ್ಯೂಷಿಯಸ್‌ನ ಬೋಧನೆಯಲ್ಲಿ ತಂದೆತಾಯಿಗಳ ಮೇಲಿನ ಭಕ್ತಿ ಎಲ್ಲ ಸದ್ಗುಣಗಳ ಬೇರು. ತಂದೆತಾಯಿಗಳನ್ನು ಬದುಕಿರುವಾಗ ಸೇವಿಸಿದಂತೆ ಸತ್ತ ಮೇಲೂ ಸೇವಿಸಬೇಕು ಎಂಬುದು ಆ ಬೋಧನೆಯ ಸಾರ. 1392ರಿಂದ ಐನೂರು ವರ್ಷಗಳಿಗೂ ಹೆಚ್ಚು ಕಾಲ ಆಳಿದ ಜೊಸೊನ್ ರಾಜವಂಶವು ಈ ಬೋಧನೆಯನ್ನೇ ರಾಜ್ಯದ ಅಡಿಪಾಯವಾಗಿ ಮಾಡಿಕೊಂಡಿತ್ತು. ಆದ್ದರಿಂದ ಜೇಸಾ ಕೇವಲ ಮನೆಯ ವಿಷಯವಾಗಿರಲಿಲ್ಲ, ರಾಜ್ಯದ ಶಿಸ್ತಿನ ವಿಷಯವೂ ಆಗಿತ್ತು.

ಜೇಸಾದಲ್ಲಿ ಮುಖ್ಯವಾಗಿ ಮೂರು ಬಗೆ. ಹಿರಿಯರು ತೀರಿಕೊಂಡ ದಿನದಂದು ವರ್ಷಕ್ಕೊಮ್ಮೆ ಮಾಡುವುದು ಒಂದು. ಚಾಂದ್ರಮಾನ ಹೊಸ ವರ್ಷವಾದ ‘ಸೊಲ್ಲಾಲ್’ ಮತ್ತು ಸುಗ್ಗಿಯ ಹಬ್ಬವಾದ ‘ಚುಸೋಕ್’ ದಿನಗಳ ಬೆಳಿಗ್ಗೆ ಮನೆಯಲ್ಲಿ ಮಾಡುವ ‘ಚಾರ್ಯೆ’ ಇನ್ನೊಂದು. ಸಮಾಧಿಯ ಬಳಿಗೆ ಹೋಗಿ ಮಾಡುವುದು ಮೂರನೆಯದು. ಚುಸೋಕ್ ಎಂಟನೆಯ ಚಾಂದ್ರಮಾಸದ ಹುಣ್ಣಿಮೆಯಂದು, ಅಂದರೆ ಸೆಪ್ಟೆಂಬರ್ ಅಥವಾ ಅಕ್ಟೋಬರ್ ಆರಂಭದಲ್ಲಿ ಬರುತ್ತದೆ. ಹಬ್ಬಕ್ಕೆ ಕೆಲವು ವಾರ ಮುಂಚೆಯೇ ಮಕ್ಕಳು ಮೊಮ್ಮಕ್ಕಳು ಊರಿಗೆ ಹೋಗಿ ಬೆಟ್ಟದ ಇಳಿಜಾರಿನಲ್ಲಿರುವ ಸಮಾಧಿ ದಿಬ್ಬಗಳ ಹುಲ್ಲು ಕೊಯ್ಯುತ್ತಾರೆ. ಹೊಸ ಅಕ್ಕಿಯ ಹಿಟ್ಟಿನಲ್ಲಿ ಎಳ್ಳು ಅಥವಾ ಕಾಳಿನ ಹೂರಣ ತುಂಬಿ, ಅರ್ಧಚಂದ್ರಾಕಾರದಲ್ಲಿ ಮಡಚಿ, ಪೈನ್ ಮರದ ಸೂಜಿಯೆಲೆಗಳ ಮೇಲೆ ಹಬೆಯಲ್ಲಿ ಬೇಯಿಸಿದ ‘ಸೊಂಗ್‌ಪ್ಯೊನ್’ ಎಂಬ ತಿಂಡಿ ಮಾಡುತ್ತಾರೆ. ಮೊಂತಿ ಹಬ್ಬದಂದು ಹೊಸ ತೆನೆಯನ್ನು ಮನೆಗೆ ತಂದು, ಕುಟುಂಬವೆಲ್ಲ ಒಟ್ಟಾಗಿ ಹೊಸ ಅಕ್ಕಿಯ ಊಟ ಮಾಡುವ ನಮಗೆ ಆ ದಿನದ ಸಂಭ್ರಮವನ್ನು ವಿವರಿಸಬೇಕಾಗಿಲ್ಲ.

ಸಾಂಪ್ರದಾಯಿಕ ಜೇಸಾದಲ್ಲಿ ಮೇಜಿನ ಮೇಲೆ ಅನ್ನ, ಸಾರು, ಮೀನು, ಮಾಂಸ, ಹಣ್ಣುಗಳನ್ನು ಕ್ರಮದಂತೆ ಜೋಡಿಸುತ್ತಾರೆ. ಕೆಂಪು ಹಣ್ಣುಗಳು ಪೂರ್ವಕ್ಕೆ, ಬಿಳಿಯವು ಪಶ್ಚಿಮಕ್ಕೆ. ಮೆಣಸಿನಕಾಯಿ, ಬೆಳ್ಳುಳ್ಳಿ ಬಳಸುವುದಿಲ್ಲ. ಹಿರಿಯರ ಹೆಸರು ಬರೆದ ಮರದ ಫಲಕವನ್ನೋ ಕಾಗದದ ಪಟ್ಟಿಯನ್ನೋ ಮೇಜಿನ ತುದಿಯಲ್ಲಿ ನಿಲ್ಲಿಸುತ್ತಾರೆ. ಹಿರಿಯ ಮಗ ಧೂಪ ಹಚ್ಚಿ, ಮದ್ಯವನ್ನು ಬಟ್ಟಲಿಗೆ ಸುರಿದು ಅರ್ಪಿಸುತ್ತಾನೆ. ಬಳಿಕ ಎಲ್ಲರೂ ಎರಡು ಸಲ ಅಡ್ಡಬೀಳುತ್ತಾರೆ. ಬದುಕಿರುವವರಿಗೆ ಒಂದು ಸಲ, ಅಗಲಿದವರಿಗೆ ಎರಡು ಸಲ ಎಂಬುದು ಅಲ್ಲಿನ ನಿಯಮ. ಹಿರಿಯರ ಆತ್ಮ ಊಟ ಮಾಡಲೆಂದು ಎಲ್ಲರೂ ಸ್ವಲ್ಪ ಹೊತ್ತು ಕೋಣೆಯಿಂದ ಹೊರಗೆ ಹೋಗಿ ಬಾಗಿಲು ಮುಚ್ಚುವ ಕ್ರಮವೂ ಇತ್ತು. ಕೊನೆಗೆ ಅದೇ ಆಹಾರವನ್ನು ಕುಟುಂಬದವರು ಹಂಚಿಕೊಂಡು ತಿನ್ನುತ್ತಾರೆ.

ಬೀಜಿಂಗ್‌ನಲ್ಲಿ ಹುಟ್ಟಿದ ವಿವಾದ

ಈ ಆಚರಣೆ ಆರಾಧನೆಯೋ ಅಥವಾ ಕೇವಲ ಗೌರವವೋ? ಧರ್ಮಸಭೆಗೆ ಈ ಪ್ರಶ್ನೆ ಮೊದಲು ಎದುರಾದದ್ದು ಚೀನಾದಲ್ಲಿ. 1610ರಲ್ಲಿ ಬೀಜಿಂಗ್‌ನಲ್ಲಿ ತೀರಿಕೊಂಡ ಯೇಸುಸಭೆಯ ಗುರು ಮತ್ತೇಯೊ ರಿಚ್ಚಿ, ಚೀನೀಯರು ಹಿರಿಯರಿಗೆ ಸಲ್ಲಿಸುವ ಆಚರಣೆ ಮೂಲತಃ ಕೃತಜ್ಞತೆಯ ಸಂಕೇತವೆಂದೂ ಅದನ್ನು ಸಹಿಸಬಹುದೆಂದೂ ಭಾವಿಸಿದ್ದರು. ಅವರ ಬಳಿಕ ಬಂದ ಡೊಮಿನಿಕನ್ ಮತ್ತು ಫ್ರಾನ್ಸಿಸ್ಕನ್ ಸಭೆಗಳ ಅನೇಕ ಗುರುಗಳು ಹಳ್ಳಿಗಳಲ್ಲಿ ಕಂಡದ್ದು ಬೇರೆ. ಜನರು ಆ ಫಲಕದಲ್ಲಿ ಆತ್ಮ ಬಂದು ನೆಲೆಸುತ್ತದೆಂದು ನಂಬಿ, ಅದರಿಂದ ವರ ಬೇಡುತ್ತಿದ್ದರು. ಇದು ವಿಗ್ರಹಾರಾಧನೆಯೆಂದು ಅವರು ರೋಮ್‌ಗೆ ದೂರಿದರು.

ವಿವಾದ ಒಂದು ಶತಮಾನ ನಡೆಯಿತು. 1704ರಲ್ಲಿ ಮತ್ತು ಮತ್ತೆ 1715ರಲ್ಲಿ ಪೋಪ್ ಹನ್ನೊಂದನೇ ಕ್ಲೆಮೆಂಟ್ ಈ ಆಚರಣೆಗಳನ್ನು ನಿಷೇಧಿಸಿದರು. 1692ರಲ್ಲಿ ಕ್ರೈಸ್ತರಿಗೆ ಸ್ವಾತಂತ್ರ್ಯ ನೀಡಿದ್ದ ಕಾಂಗ್‌ಶಿ ಚಕ್ರವರ್ತಿ ಇದರಿಂದ ಕೆರಳಿ ಕ್ರೈಸ್ತ ಬೋಧನೆಯನ್ನೇ ತಡೆದನು. 1742ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ನಿಷೇಧವನ್ನು ಅಂತಿಮಗೊಳಿಸಿ, ಅಲ್ಲಿನ ಪ್ರತಿಯೊಬ್ಬ ಮಿಷನರಿಯೂ ಅದನ್ನು ಪಾಲಿಸುವುದಾಗಿ ಪ್ರಮಾಣ ಮಾಡಬೇಕೆಂದು ವಿಧಿಸಿದರು. ಇದೇ ಪೋಪರು 1744ರಲ್ಲಿ ದಕ್ಷಿಣ ಭಾರತದ ಮಿಷನ್‌ಗಳಲ್ಲಿದ್ದ ‘ಮಲಬಾರ್ ಆಚರಣೆ’ಗಳ ಬಗ್ಗೆಯೂ ಕಟ್ಟುನಿಟ್ಟಿನ ಆದೇಶ ಹೊರಡಿಸಿದರು ಎಂಬುದನ್ನು ನಾವು ನೆನಪಿಡಬೇಕು. ವಿವಾದ ದೂರದ್ದಾದರೂ ಅದರ ನೆರಳು ನಮ್ಮ ನೆಲದ ಮೇಲೂ ಬಿದ್ದಿತ್ತು.

ಸೆಮಿನರಿಯಲ್ಲಿ ಓದುವಾಗ ನಾವು ಈ ಇಸವಿಗಳನ್ನೆಲ್ಲ ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರು. ಈ ಆದೇಶಗಳ ಇನ್ನೊಂದು ತುದಿಯಲ್ಲಿ ತಾಯಿಯ ಶವದ ಮುಂದೆ ನಿಂತ ಒಬ್ಬ ಮಗ ಇದ್ದಾನೆಂದು ಆಗ ನಮಗೆ ಹೊಳೆದಿರಲಿಲ್ಲ.

ಜೊಂಜು, 1791

ಕೊರಿಯಕ್ಕೆ ವಿಶ್ವಾಸವನ್ನು ತಂದವರು ಮಿಷನರಿಗಳಲ್ಲ. ಚೀನಾದಿಂದ ಬಂದ ಪುಸ್ತಕಗಳನ್ನು ಓದಿದ ವಿದ್ವಾಂಸರೇ ಅದನ್ನು ಕಂಡುಕೊಂಡರು. ಅವರಲ್ಲಿ ಯಿ ಸುಂಗ್-ಹುನ್ ಎಂಬವರು ಬೀಜಿಂಗ್‌ಗೆ ಹೋಗಿ 1784ರಲ್ಲಿ ಪೇತ್ರ ಎಂಬ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆದು ಬಂದು ಇತರರಿಗೂ ದೀಕ್ಷಾಸ್ನಾನ ನೀಡಿದರು. ಒಬ್ಬ ಗುರುವೂ ಇಲ್ಲದ ಆ ಶ್ರೀಸಾಮಾನ್ಯರ ಧರ್ಮಸಭೆಗೆ 1790ರಲ್ಲಿ ಬೀಜಿಂಗ್‌ನ ಧರ್ಮಾಧ್ಯಕ್ಷರಿಂದ ಉತ್ತರ ಬಂತು: ಹಿರಿಯರ ಆಚರಣೆಯನ್ನು ಕ್ರೈಸ್ತರು ಮಾಡುವಂತಿಲ್ಲ. ಇದನ್ನು ಕೇಳಿ ಕುಲೀನ ಮನೆತನಗಳ ಅನೇಕರು ಧರ್ಮಸಭೆಯಿಂದ ದೂರ ಸರಿದರು. ಹಿರಿಯರಿಗೆ ಜೇಸಾ ಮಾಡದವನು ಅವರ ಸಮಾಜದಲ್ಲಿ ಮಗನೇ ಅಲ್ಲ, ಮನುಷ್ಯನೂ ಅಲ್ಲ.

ಆ ಮಾತಿಗೆ ಕಟ್ಟುಬಿದ್ದವರಲ್ಲಿ ಜಿನ್‌ಸಾನ್ ಎಂಬ ಊರಿನ ಪೌಲ್ ಯುನ್ ಜಿ-ಚುಂಗ್ ಒಬ್ಬರು. 1791ರಲ್ಲಿ ಅವರ ತಾಯಿ ತೀರಿಕೊಂಡರು. ಯುನ್ ಶೋಕದ ಉಡುಪು ತೊಟ್ಟು, ಗೌರವದಿಂದ ತಾಯಿಯ ಅಂತ್ಯಸಂಸ್ಕಾರ ನಡೆಸಿದರು. ಆದರೆ ಫಲಕ ನಿಲ್ಲಿಸಲಿಲ್ಲ, ಆಹಾರ ಅರ್ಪಿಸಲಿಲ್ಲ. ಮನೆಯಲ್ಲಿದ್ದ ಹಿರಿಯರ ಫಲಕಗಳನ್ನು ಅವರು ಮತ್ತು ಅವರ ಬಂಧು ಯಾಕೋಬ ಕ್ವೋನ್ ಸಾಂಗ್-ಯೋನ್ ಸುಟ್ಟರು. ಸುದ್ದಿ ಹರಡುತ್ತಾ ಹೋದಂತೆ ತಾಯಿಯ ಶವವನ್ನೇ ಬಿಸಾಡಿದರೆಂಬ ಸುಳ್ಳೂ ಸೇರಿಕೊಂಡಿತು. ತಲೆಮರೆಸಿಕೊಂಡಿದ್ದ ಇಬ್ಬರೂ, ತಮ್ಮ ಬದಲಿಗೆ ಯುನ್ ಅವರ ಚಿಕ್ಕಪ್ಪನನ್ನು ಹಿಡಿದಿಟ್ಟಿದ್ದಾರೆಂದು ತಿಳಿದು ತಾವಾಗಿ ಬಂದು ಶರಣಾದರು.

ವಿಚಾರಣೆಯಲ್ಲಿ ಯುನ್ ನೀಡಿದ ಉತ್ತರದ ಸಾರ ಹೀಗಿದೆ: ಮರದ ಫಲಕಕ್ಕೂ ನನ್ನ ತಂದೆತಾಯಿಗಳ ರಕ್ತಮಾಂಸಕ್ಕೂ ಸಂಬಂಧವಿಲ್ಲ, ಅದನ್ನು ತಂದೆಯೆಂದು ತಾಯಿಯೆಂದು ಕರೆಯುವುದು ಹೇಗೆ? ನಿದ್ರಿಸುವವನಿಗೂ ಯಾರೂ ಊಟ ಬಡಿಸುವುದಿಲ್ಲ, ಇನ್ನು ಸತ್ತವರಿಗೆ ಬಡಿಸುವುದು ಹೇಗೆ? ತಾಯಿಯನ್ನು ಪ್ರೀತಿಸುವುದಿಲ್ಲವೆಂದು ಅವರು ಒಮ್ಮೆಯೂ ಹೇಳಲಿಲ್ಲ. 1791ರ ಡಿಸೆಂಬರ್ 8ರಂದು ಜೊಂಜು ನಗರದಲ್ಲಿ ಇಬ್ಬರ ಶಿರಚ್ಛೇದ ನಡೆಯಿತು. ಇವರೇ ಕೊರಿಯದ ಮೊದಲ ರಕ್ತಸಾಕ್ಷಿಗಳು. ಅದರ ನೆನಪಿಗೆ ಇಂದು ಅಲ್ಲಿ ಜೊಂದೊಂಗ್ ದೇವಾಲಯ ನಿಂತಿದೆ.

ಹಿಂಸೆ ಅಲ್ಲಿಗೆ ನಿಲ್ಲಲಿಲ್ಲ. 1801, 1839, 1846, 1866ರಲ್ಲಿ ದೊಡ್ಡ ಹಿಂಸಾಚಾರಗಳು ನಡೆದವು. ರಾಜಕೀಯ ದ್ವೇಷ, ಪರದೇಶದವರ ಭಯ ಹೀಗೆ ಕಾರಣಗಳು ಹಲವಿದ್ದರೂ, ಕ್ರೈಸ್ತರೆಂದರೆ ‘ತಂದೆಯೂ ಇಲ್ಲದವರು, ರಾಜನೂ ಇಲ್ಲದವರು’ ಎಂಬ ಆರೋಪ ಉದ್ದಕ್ಕೂ ಇತ್ತು. ಒಟ್ಟು ರಕ್ತಸಾಕ್ಷಿಗಳ ಸಂಖ್ಯೆ 8 ಸಾವಿರದಿಂದ 10 ಸಾವಿರ ಎಂದು ಅಂದಾಜು. ಇವರಲ್ಲಿ 103 ಮಂದಿಯನ್ನು 1984ರ ಮೇ 6ರಂದು ಸಿಯೋಲ್‌ನಲ್ಲಿ ಪೋಪ್ ಎರಡನೇ ಜಾನ್ ಪೌಲ್ ಸಂತರೆಂದು ಘೋಷಿಸಿದರು. ಯುನ್ ಜಿ-ಚುಂಗ್ ಮತ್ತು 123 ಸಂಗಡಿಗರನ್ನು 2014ರ ಆಗಸ್ಟ್ 16ರಂದು ಪೋಪ್ ಫ್ರಾನ್ಸಿಸ್ ಧನ್ಯ ಪದವಿಗೇರಿಸಿದರು.

2021ರಲ್ಲಿ ಜೊಂಜು ಧರ್ಮಪ್ರಾಂತ್ಯದಲ್ಲಿ ಯುನ್, ಕ್ವೋನ್ ಮತ್ತು 1801ರಲ್ಲಿ ರಕ್ತಸಾಕ್ಷಿಯಾದ ಯುನ್‌ರ ತಮ್ಮ, ಈ ಮೂವರ ಅಸ್ಥಿಗಳು ಪತ್ತೆಯಾದವು. ಮೊದಲ ಇಬ್ಬರ ಗುರುತು ಸಿಕ್ಕಿದ್ದು ಸಮಾಧಿಯೊಳಗೆ ಇಟ್ಟಿದ್ದ, ಅವರ ಹೆಸರು ಬರೆದ ಬಿಳಿ ಪಿಂಗಾಣಿ ಬಟ್ಟಲುಗಳಿಂದ. ಫಲಕ ಬೇಡವೆಂದು ಜೀವ ಕೊಟ್ಟವರನ್ನು ಹೂಳಿದವರು ಅವರ ಹೆಸರು ಮರೆಯಾಗದಿರಲೆಂದು ಒಂದು ಬಟ್ಟಲನ್ನು ಜೊತೆಗಿಟ್ಟಿದ್ದರು. ನೆನಪಿಡುವುದನ್ನು ಆ ವಿಶ್ವಾಸಿಗಳು ಎಂದೂ ಬಿಟ್ಟಿರಲಿಲ್ಲ.

1939ರ ಅನುಮತಿ

1939ರ ಡಿಸೆಂಬರ್ 8ರಂದು, ಹನ್ನೆರಡನೇ ಪಿಯುಸ್ ಪೋಪರಾಗಿದ್ದಾಗ, ರೋಮ್‌ನ ವಿಶ್ವಾಸ ಪ್ರಸಾರ ಮಂಡಳಿಯು ಹೊಸ ಆದೇಶವೊಂದನ್ನು ಹೊರಡಿಸಿತು. ಯುನ್ ಅವರ ತಲೆ ಉರುಳಿದ ದಿನವೂ ಡಿಸೆಂಬರ್ 8 ಎಂಬುದನ್ನು ಗಮನಿಸಿ. ಹಿಂದೆ ಅನ್ಯ ಆರಾಧನೆಯೊಂದಿಗೆ ಬೆಸೆದುಕೊಂಡಿದ್ದ ಕೆಲವು ಆಚರಣೆಗಳು ಕಾಲಕ್ರಮೇಣ ಜನರ ಮನಸ್ಸಿನಲ್ಲಿ ಬದಲಾಗಿ, ಈಗ ಹಿರಿಯರ ಮೇಲಿನ ಭಕ್ತಿ ಹಾಗೂ ನಾಗರಿಕ ಸೌಜನ್ಯದ ಅರ್ಥವನ್ನಷ್ಟೇ ಉಳಿಸಿಕೊಂಡಿವೆ ಎಂದು ಆದೇಶ ಒಪ್ಪಿಕೊಂಡಿತು. ಸತ್ತವರ ಶರೀರದ ಮುಂದೆ, ಭಾವಚಿತ್ರದ ಮುಂದೆ, ಕೇವಲ ಹೆಸರು ಬರೆದ ಫಲಕದ ಮುಂದೆ ತಲೆಬಾಗಿ ಗೌರವ ಸೂಚಿಸಬಹುದೆಂದಿತು. ಮಿಷನರಿಗಳ ಪ್ರಮಾಣವನ್ನೂ ಕೈಬಿಟ್ಟಿತು.

ಇದನ್ನು ಅನುಸರಿಸಿ ಕೊರಿಯದ ಧರ್ಮಾಧ್ಯಕ್ಷರು ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂದು ಬಿಡಿಸಿ ಹೇಳಿದರು. ಅಡ್ಡಬೀಳುವುದು, ಧೂಪ ಹಚ್ಚುವುದು, ಆಹಾರ ಇಡುವುದು ಸಲ್ಲುತ್ತದೆ. ಆತ್ಮವನ್ನು ಕರೆಯುವುದು, ಆತ್ಮ ಉಣ್ಣಲೆಂದು ಬಾಗಿಲು ಮುಚ್ಚುವುದು, ಶವದ ಬಾಯಿಗೆ ಅಕ್ಕಿ ಹಾಕುವುದು, ಯಮದೂತರಿಗೆಂದು ಊಟ ಇಡುವುದು, ಫಲಕದ ಮೇಲೆ ‘ಇದು ಆತ್ಮದ ನೆಲೆ’ ಎಂಬ ಅರ್ಥದ ಅಕ್ಷರ ಬರೆಯುವುದು ಸಲ್ಲದು. ಸತ್ತವರನ್ನು ನೆನೆಯುವುದಕ್ಕೆ ತಡೆಯಿಲ್ಲ. ಸತ್ತವರು ಹಸಿದಿದ್ದಾರೆ, ನಮ್ಮ ಊಟದಿಂದ ತೃಪ್ತರಾಗುತ್ತಾರೆ, ವರ ಕೊಡುತ್ತಾರೆ ಎಂದು ಸೂಚಿಸುವುದಕ್ಕೆ ಮಾತ್ರ ತಡೆ.

ಇಂದು ಒಂದು ಕಥೋಲಿಕ ಮನೆಯಲ್ಲಿ

ದಕ್ಷಿಣ ಕೊರಿಯದಲ್ಲಿ ಇಂದು ಸುಮಾರು 60 ಲಕ್ಷ ಕಥೋಲಿಕರಿದ್ದಾರೆ. ಇದು ಜನಸಂಖ್ಯೆಯ ಶೇಕಡಾ 11ರಷ್ಟು. ಅಲ್ಲಿನ ಧರ್ಮಾಧ್ಯಕ್ಷರ ಮಂಡಳಿ 2012ರಲ್ಲಿ ಮನೆಗಳಲ್ಲಿ ಹಿರಿಯರ ಸ್ಮರಣೆ ನಡೆಸುವ ವಿಧಿಯೊಂದನ್ನು ಅಂಗೀಕರಿಸಿತು. ಮೊದಲು ಪಾಪನಿವೇದನೆ ಮಾಡಿ ಮನಸ್ಸನ್ನು ಶುದ್ಧಗೊಳಿಸಬೇಕು, ಮನೆಯನ್ನು ಗುಡಿಸಿ ಒಪ್ಪಗೊಳಿಸಬೇಕು, ಶುಭ್ರವಾದ ಉಡುಪು ತೊಡಬೇಕು. ಮೇಜಿನ ಮೇಲೆ ಶಿಲುಬೆ, ಅಗಲಿದವರ ಭಾವಚಿತ್ರ ಅಥವಾ ಹೆಸರು, ಮೇಣದ ಬತ್ತಿ, ಧೂಪ, ಹೂವು. ಊಟದ ಪದಾರ್ಥ ಇಡದಿದ್ದರೂ ನಡೆಯುತ್ತದೆ. ಶಿಲುಬೆಯ ಗುರುತಿನೊಂದಿಗೆ ಆರಂಭಿಸಿ, ದೇವರ ವಾಕ್ಯ ಓದಿ, ಮನೆಯ ಹಿರಿಯರು ಅಗಲಿದವರ ಬಗ್ಗೆ ನಾಲ್ಕು ಮಾತು ಹೇಳಿ, ಎಲ್ಲರೂ ಅಡ್ಡಬಿದ್ದು, ಪ್ರಾರ್ಥಿಸಿ, ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ಚುಸೋಕ್ ಮತ್ತು ಸೊಲ್ಲಾಲ್ ದಿನಗಳಲ್ಲಿ ದೇವಾಲಯದಲ್ಲೂ ಅಗಲಿದ ಹಿರಿಯರಿಗಾಗಿ ಬಲಿಪೂಜೆ ಇರುತ್ತದೆ. ಇದು ಹಳೆಯ ಜೇಸಾದ ನಕಲಲ್ಲ, ತಂದೆತಾಯಿಗಳನ್ನು ಗೌರವಿಸುವ ನಾಲ್ಕನೆಯ ಆಜ್ಞೆಯನ್ನು ಕೊರಿಯದ ರೀತಿಯಲ್ಲಿ ಪಾಲಿಸುವುದು ಎಂಬುದು ಧರ್ಮಾಧ್ಯಕ್ಷರ ವಿವರಣೆ.

ಎಲ್ಲವೂ ಸುಗಮವೆಂದು ತಿಳಿಯಬಾರದು. ಒಂದೇ ಕುಟುಂಬದಲ್ಲಿ ಕಥೋಲಿಕರು, ಬೌದ್ಧರು, ಪ್ರೊಟೆಸ್ಟೆಂಟರು, ಯಾವ ಧರ್ಮವನ್ನೂ ಅನುಸರಿಸದವರು ಇರುತ್ತಾರೆ. ಪ್ರೊಟೆಸ್ಟೆಂಟರಲ್ಲಿ ಅನೇಕರು ಅಡ್ಡಬೀಳದೆ ಸ್ಮರಣೆಯ ಪ್ರಾರ್ಥನಾಕೂಟ ಮಾತ್ರ ನಡೆಸುತ್ತಾರೆ. ಹಬ್ಬದ ಹಿಂದಿನ ದಿನವೆಲ್ಲ ಅಡುಗೆಮನೆಯಲ್ಲಿ ಬೇಯುವವರು ಸೊಸೆಯಂದಿರು ಎಂಬ ನೋವಿನ ಮಾತೂ ಅಲ್ಲಿ ಜೋರಾಗಿ ಕೇಳಿಬರುತ್ತದೆ. 2022ರಲ್ಲಿ ಕನ್‌ಫ್ಯೂಷಿಯನ್ ಪರಂಪರೆಯ ಪ್ರಮುಖ ಸಂಸ್ಥೆಯಾದ ಸುಂಗ್‌ಗ್ಯುಂಗ್ವಾನ್, ಚುಸೋಕ್ ಮೇಜಿಗೆ ಒಂಬತ್ತು ಬಗೆ ಸಾಕು, ಎಣ್ಣೆಯಲ್ಲಿ ಕರಿದ ಪದಾರ್ಥಗಳ ಅಗತ್ಯವಿಲ್ಲ ಎಂದು ಸಾರ್ವಜನಿಕವಾಗಿ ಹೇಳಬೇಕಾಯಿತು.

ಯೊಂದೊ: ಸತ್ತವರಿಗಾಗಿ ಹಾಡುವ ಪ್ರಾರ್ಥನೆ

ಕೊರಿಯದ ಕಥೋಲಿಕರಲ್ಲಿ ನಮಗೆ ಅತ್ಯಂತ ಮೆಚ್ಚುಗೆಯಾಗುವ ಸಂಪ್ರದಾಯ ‘ಯೊಂದೊ’. ಶುದ್ಧೀಕರಣ ಸ್ಥಳದಲ್ಲಿರುವ ಆತ್ಮಗಳಿಗಾಗಿ ಮಾಡುವ ಈ ಪ್ರಾರ್ಥನೆಯನ್ನು ಎರಡು ಗುಂಪುಗಳಾಗಿ ಎದುರುಬದುರು ಕುಳಿತು, ಕೊರಿಯದ ಹಳೆಯ ಧಾಟಿಯಲ್ಲಿ ಹಾಡುತ್ತಾರೆ. 51 ಮತ್ತು 130ನೇ ಕೀರ್ತನೆಗಳು, ಸಂತರ ಪ್ರಾರ್ಥನಾಮಾಲೆ ಅದರಲ್ಲಿವೆ. ಇದರ ಪಠ್ಯವು ಹಿಂಸಾಚಾರದ ಕಾಲದಲ್ಲೇ, 1860ರ ದಶಕದಲ್ಲಿ ಅಚ್ಚಾಯಿತು. ಗುರುಗಳು ಸಿಗದ ಊರುಗಳಲ್ಲಿ ಶ್ರೀಸಾಮಾನ್ಯರು ತಮ್ಮ ಸತ್ತವರನ್ನು ದೇವರ ಕೈಗೆ ಒಪ್ಪಿಸುತ್ತಿದ್ದುದು ಹೀಗೆ.

ಇಂದಿಗೂ ಧರ್ಮಕೇಂದ್ರಗಳಲ್ಲಿ ಇದಕ್ಕಾಗಿ ಒಂದು ಸಂಘವಿರುತ್ತದೆ. ಮರಣದ ಸುದ್ದಿ ಬಂದೊಡನೆ ಅದರ ಸದಸ್ಯರು ಹೋಗಿ, ಸರದಿಯಂತೆ ಯೊಂದೊ ಹಾಡುತ್ತಾರೆ, ಮನೆಯವರಿಗೆ ಅಂತ್ಯಸಂಸ್ಕಾರದ ಏರ್ಪಾಡಿನಲ್ಲಿ ನೆರವಾಗುತ್ತಾರೆ. ಈ ಸೇವೆಯನ್ನು ನೋಡಿ ಕಥೋಲಿಕ ವಿಶ್ವಾಸದ ಕಡೆ ಒಲವು ತೋರಿದವರೂ ಇದ್ದಾರೆ. ವಾಳೆಯ ಗುರಿಕಾರರು ಮತ್ತು ನೆರೆಹೊರೆಯವರು ಮರಣದ ಮನೆಯಲ್ಲಿ ಸೇರಿ ಜಪಮಾಲೆ ಹೇಳುವ ನಮ್ಮ ಪದ್ಧತಿಗೆ ಇದು ಬಹಳ ಹತ್ತಿರದ ಬಂಧು.

ಆ ರಕ್ತಸಾಕ್ಷಿಗಳು ವ್ಯರ್ಥವಾಗಿ ಸತ್ತರೇ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ರೋಮ್‌ನ ನಿರ್ಧಾರ ಮೊದಲೇ ಬಂದಿದ್ದರೆ ಯುನ್ ಬದುಕುತ್ತಿದ್ದರೇನೋ. ನಿಷೇಧದಿಂದ ಆದ ನಷ್ಟ ಸಣ್ಣದಲ್ಲ. ದೂರದಲ್ಲಿ ಕುಳಿತು ಬರೆದ ಆದೇಶವೊಂದು ಎಳೆಯ ಧರ್ಮಸಭೆಯ ಹೆಗಲ ಮೇಲೆ ಎಂಥ ಭಾರ ಹೊರಿಸಬಲ್ಲದು ಎಂಬುದನ್ನು ನಾವು ಮುಚ್ಚಿಡದೆ ಒಪ್ಪಿಕೊಳ್ಳಬೇಕು.

ಆದರೆ ಯುನ್ ಸತ್ತದ್ದು ಒಂದು ಮರದ ತುಂಡಿಗಾಗಿ ಅಲ್ಲ. ಅಂದಿನ ರಾಜ್ಯ ಅವರ ಮುಂದಿಟ್ಟ ಪ್ರಶ್ನೆ, ನಿನ್ನ ಮೇಲೆ ಕೊನೆಯ ಅಧಿಕಾರ ಯಾರದು ಎಂಬುದು. ದೇವರದು ಎಂದು ಅವರು ಉತ್ತರಿಸಿದರು. 1939ರ ಆದೇಶ ಆ ಉತ್ತರವನ್ನು ಬದಲಿಸಲಿಲ್ಲ. ಆರಾಧನೆ ದೇವರಿಗೆ ಮಾತ್ರ ಎಂಬುದನ್ನು ಹಾಗೆಯೇ ಉಳಿಸಿಕೊಂಡು, ಆಚರಣೆಯ ಅರ್ಥ ಈಗ ಬೇರೆಯಾಗಿದೆ ಎಂದಷ್ಟೇ ಹೇಳಿತು. ಯುನ್ ಅವರ ಕಾಲದಲ್ಲಿ ಅಡ್ಡಬೀಳುವುದು ಬಲವಂತದ ಪರೀಕ್ಷೆಯಾಗಿತ್ತು. ಇಂದು ಅದು ಮಕ್ಕಳು ಮನಸಾರೆ ಸಲ್ಲಿಸುವ ನಮಸ್ಕಾರ. ಇಂದಿನ ಕಥೋಲಿಕ ಕುಟುಂಬ ಶಿಲುಬೆಯನ್ನು ನಡುವಿಟ್ಟು ಅಜ್ಜನ ಚಿತ್ರಕ್ಕೆ ನಿಶ್ಚಿಂತೆಯಿಂದ ತಲೆಬಾಗುವುದಕ್ಕೆ, ಆ ಶಿಲುಬೆಯ ಸ್ಥಾನ ಯಾವುದೆಂದು ಅವರು ತೋರಿಸಿಕೊಟ್ಟದ್ದೂ ಕಾರಣ.

ಇದು ಹೊಸ ಸಮಸ್ಯೆಯೂ ಅಲ್ಲ. ನಾಲ್ಕನೇ ಶತಮಾನದಲ್ಲಿ ಸಂತ ಮೋನಿಕಾ ಆಫ್ರಿಕದ ವಾಡಿಕೆಯಂತೆ ರಕ್ತಸಾಕ್ಷಿಗಳ ಸಮಾಧಿಗಳಿಗೆ ಆಹಾರ, ದ್ರಾಕ್ಷಾರಸ ಒಯ್ಯುತ್ತಿದ್ದರು. ಮಿಲಾನ್‌ನಲ್ಲಿ ಬಾಗಿಲು ಕಾಯುವವನು ಅವರನ್ನು ತಡೆದನು. ಅದು ಅನ್ಯಧರ್ಮೀಯರ ಪಿತೃ ಆಚರಣೆಯನ್ನು ಹೋಲುತ್ತದೆಂದು ಸಂತ ಅಂಬ್ರೋಸರು ನಿಷೇಧಿಸಿದ್ದರು. ಮೋನಿಕಾ ಬೇಸರಿಸದೆ ಒಪ್ಪಿಕೊಂಡರು. ಅದೇ ಮೋನಿಕಾ 387ರಲ್ಲಿ ಸಾಯುವ ಮುನ್ನ, ತಮ್ಮ ಶರೀರವನ್ನು ಎಲ್ಲಿಯಾದರೂ ಹೂಳಿ, ಪ್ರಭುವಿನ ಪೀಠದ ಬಳಿ ತಮ್ಮನ್ನು ನೆನೆದರೆ ಸಾಕು ಎಂದು ಮಕ್ಕಳಿಗೆ ಹೇಳಿದ್ದನ್ನು ಸಂತ ಅಗಸ್ಟಿನ್ ದಾಖಲಿಸಿದ್ದಾರೆ.

ಅತಿಥಿಗಳಾಗಿ ಹೋಗುವವರಿಗೆ ಕೆಲವು ಸೂಚನೆಗಳು

ಆಗಸ್ಟ್‌ನಲ್ಲಿ ಹೋಗುವವರಿಗೆ ಚುಸೋಕ್ ಹಬ್ಬ ಸಿಗುವುದಿಲ್ಲ. ಆದರೆ ಮನೆಯ ಹಿರಿಯರ ವಾರ್ಷಿಕ ದಿನವಾಗಲಿ, ಮರಣವಾಗಲಿ ಯಾವಾಗಲೂ ಎದುರಾಗಬಹುದು. ಉದ್ಯೋಗಕ್ಕೋ ಓದಿಗೋ ಅಲ್ಲಿ ನೆಲೆಸಿರುವವರಿಗೂ ಈ ವಿವರಗಳು ಉಪಯುಕ್ತ.

1. ಅಂತ್ಯಸಂಸ್ಕಾರ ಸಾಮಾನ್ಯವಾಗಿ ಮೂರು ದಿನ ನಡೆಯುತ್ತದೆ. ಶವವನ್ನು ಹೆಚ್ಚಾಗಿ ಆಸ್ಪತ್ರೆಗೆ ಸೇರಿದ ಅಂತ್ಯಸಂಸ್ಕಾರ ಭವನದಲ್ಲಿ ಇಡುತ್ತಾರೆ. ಕಪ್ಪು ಅಥವಾ ಗಾಢ ಬಣ್ಣದ ಉಡುಪು ಧರಿಸಿ.

2. ಬಾಗಿಲಲ್ಲಿ ಪುಸ್ತಕಕ್ಕೆ ಹೆಸರು ಬರೆದು, ಬಿಳಿ ಲಕೋಟೆಯಲ್ಲಿ ಹಣ ಕೊಡುವುದು ರೂಢಿ. 30 ಸಾವಿರ, 50 ಸಾವಿರ ಅಥವಾ 1 ಲಕ್ಷ ವೊನ್ ಕೊಡುತ್ತಾರೆ. ಇದು ಕುಟುಂಬದ ಖರ್ಚಿಗೆ ಎಲ್ಲರೂ ಹೆಗಲು ಕೊಡುವ ಕ್ರಮ.

3. ಭಾವಚಿತ್ರದ ಮುಂದೆ ಬಿಳಿ ಸೇವಂತಿಗೆ ಇಡಬಹುದು ಅಥವಾ ಧೂಪ ಹಚ್ಚಬಹುದು. ಧೂಪದ ಉರಿಯನ್ನು ಬಾಯಿಂದ ಊದಬಾರದು, ಕೈಯಿಂದ ಬೀಸಿ ಆರಿಸಬೇಕು. ಬಳಿಕ ಎರಡು ಸಲ ಅಡ್ಡಬಿದ್ದು, ಮನೆಯವರತ್ತ ತಿರುಗಿ ಪರಸ್ಪರ ಒಂದು ಸಲ ನಮಸ್ಕರಿಸುತ್ತಾರೆ. ಮನಸ್ಸು ಒಪ್ಪದಿದ್ದರೆ ನಿಂತಲ್ಲೇ ತಲೆಬಾಗಿ ಮೌನವಾಗಿ ಪ್ರಾರ್ಥಿಸಿದರೂ ಯಾರೂ ತಪ್ಪು ತಿಳಿಯುವುದಿಲ್ಲ.

4. ಅಲ್ಲೇ ಊಟ ಬಡಿಸುತ್ತಾರೆ, ಹೆಚ್ಚಾಗಿ ಖಾರದ ದನದ ಮಾಂಸದ ಸಾರು. ಸ್ವಲ್ಪವಾದರೂ ಕುಳಿತು ಉಣ್ಣುವುದು ಮನೆಯವರಿಗೆ ಸಮಾಧಾನ ತರುತ್ತದೆ. ಲೋಟಕ್ಕೆ ಲೋಟ ತಾಗಿಸಿ ಕುಡಿಯಬಾರದು.

5. ಕಥೋಲಿಕರಲ್ಲದವರ ಮನೆಯ ಜೇಸಾಕ್ಕೆ ಕರೆದರೆ ಗೌರವದಿಂದ ಹಾಜರಿರಬಹುದು. ಆತ್ಮವನ್ನು ಕರೆಯುವ, ವರ ಬೇಡುವ ಭಾಗದಲ್ಲಿ ಸೇರಿಕೊಳ್ಳಬಾರದು. ಊಟದ ವಿಷಯದಲ್ಲಿ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯಗಳನ್ನು ಓದಿಕೊಂಡು ಹೋಗುವುದು ಒಳ್ಳೆಯದು.

6. ಶವದಹನ ನೋಡಿ ಅಚ್ಚರಿಪಡಬೇಡಿ. 2005ರಲ್ಲಿ ಅರ್ಧವನ್ನು ದಾಟಿದ ದಹನದ ಪ್ರಮಾಣ ಈಗ ಶೇಕಡಾ 90ನ್ನು ಮೀರಿದೆ. ಧರ್ಮಸಭೆ 1963ರಲ್ಲೇ ದಹನಕ್ಕೆ ಅವಕಾಶ ನೀಡಿದೆ, ಆದರೂ ಹೂಳುವುದನ್ನೇ ಹೆಚ್ಚು ಮೆಚ್ಚುತ್ತದೆ. ಚಿತಾಭಸ್ಮವನ್ನು ಗಾಳಿಯಲ್ಲಿ, ನೀರಿನಲ್ಲಿ ಚೆಲ್ಲದೆ ಪವಿತ್ರ ಸ್ಥಳದಲ್ಲಿ ಇಡಬೇಕೆಂದು 2016ರಲ್ಲಿ ರೋಮ್ ಸ್ಪಷ್ಟಪಡಿಸಿತು.

7. ಸಿಯೋಲ್‌ನಲ್ಲಿ ಸಮಯವಿದ್ದರೆ ಸೊಸೊಮುನ್ ಪುಣ್ಯಕ್ಷೇತ್ರಕ್ಕೆ ಭೇಟಿ ಕೊಡಿ. 44 ಸಂತರು ಮತ್ತು 27 ಧನ್ಯರು ಪ್ರಾಣ ಕೊಟ್ಟ ಸ್ಥಳವದು.

ನಮ್ಮ ಮನೆಯಂಗಳದಲ್ಲಿ

ಕೊರಿಯಕ್ಕೆ ಕೊಟ್ಟ ಅನುಮತಿಯನ್ನು ಹಾಗೆಯೇ ನಮ್ಮೂರಿಗೆ ತಂದು ಹಚ್ಚುವಂತಿಲ್ಲ. ಆಟಿ ತಿಂಗಳಲ್ಲಿ ಕುಲೆಗಳಿಗೆ ಬಡಿಸುವ ನೆರೆಮನೆಯವರು ನಮ್ಮನ್ನು ಊಟಕ್ಕೆ ಕರೆದಾಗ ಏನು ಮಾಡಬೇಕೆಂಬುದನ್ನು ನಮ್ಮ ಧರ್ಮಾಧ್ಯಕ್ಷರು ಮತ್ತು ಧರ್ಮಕೇಂದ್ರದ ಗುರುಗಳು ಹೇಳಬೇಕು, ಈ ಲೇಖನವಲ್ಲ. ಆದರೆ ತೀರ್ಪು ಕೊಡುವ ಮುನ್ನ ಆ ಆಚರಣೆಯನ್ನು ಮಾಡುವವರ ಮನಸ್ಸಿನಲ್ಲಿ ಏನಿದೆ ಎಂದು ಕೇಳಿ ತಿಳಿಯುವ ತಾಳ್ಮೆಯನ್ನು ಕೊರಿಯದ ಇತಿಹಾಸದಿಂದ ಕಲಿಯಬಹುದು. ಆ ತಾಳ್ಮೆ ಬರಲು ಧರ್ಮಸಭೆಗೇ ಶತಮಾನಗಳು ಬೇಕಾದವು. ಪ್ರತಿ ನಾಡಿನ ಸಂಪ್ರದಾಯಕ್ಕೆ ತಕ್ಕಂತೆ ಅಂತ್ಯಸಂಸ್ಕಾರದ ವಿಧಿ ಇರಬೇಕೆಂದು, ಅದು ಕ್ರೈಸ್ತ ಮರಣದ ಪಾಸ್ಕ ಸ್ವರೂಪವನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೇಳಿತು.

ಇನ್ನೊಂದು ಮಾತು. ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಮುಂಬೈಯಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ, ಕೆನಡಾದಲ್ಲಿ. ವರ್ಷಾಂತಿಕದ ಬಲಿಪೂಜೆಗೆ ದೂರದಿಂದ ಹಣ ಕಳುಹಿಸಿ ಕರ್ತವ್ಯ ಮುಗಿಯಿತೆಂದು ತಿಳಿಯುವುದು ಸುಲಭ. ಬಲಿಪೂಜೆಗಿಂತ ದೊಡ್ಡ ನೆರವನ್ನು ನಾವು ಅಗಲಿದವರಿಗೆ ಕೊಡಲಾರೆವು, ನಿಜ. ಅದರೊಂದಿಗೆ ಕೊರಿಯದವರಂತೆ ಒಂದು ಸಂಜೆ ಮನೆಯಲ್ಲೇ ಶಿಲುಬೆ, ಭಾವಚಿತ್ರ ಇಟ್ಟು, ಮಕ್ಕಳನ್ನು ಕೂರಿಸಿ, ಈ ಅಜ್ಜಿ ಯಾರು, ಅವರು ಹೇಗೆ ಪ್ರಾರ್ಥಿಸುತ್ತಿದ್ದರು, ನಮಗಾಗಿ ಏನೆಲ್ಲ ಸಹಿಸಿದರು ಎಂದು ಹೇಳಲು ನಮಗೇನು ತಡೆ? ದೂರದಲ್ಲಿರುವವರು ಫೋನಿನ ಮೂಲಕವೇ ಸೇರಿಕೊಳ್ಳಲಿ. ಹೆಸರು ಹೇಳುವವರಿದ್ದರೆ ತಾನೇ ಪ್ರಾರ್ಥಿಸುವವರು ಇರುವುದು?

ಮುಂದಿನ ಸಲ ನೀವು ಸಮಾಧಿ ಸ್ಥಳಕ್ಕೆ ಹೋದಾಗ ನಿಮ್ಮ ಹಿರಿಯರಿಗಾಗಿ ಪ್ರಾರ್ಥಿಸಿದ ಬಳಿಕ, ತಾಯಿಯನ್ನು ಪ್ರೀತಿಯಿಂದ ಮಣ್ಣು ಮಾಡಿಯೂ ‘ತಾಯಿಯಿಲ್ಲದವನು’ ಎನಿಸಿಕೊಂಡು ಪ್ರಾಣ ಕೊಟ್ಟ ಧನ್ಯ ಪೌಲ್ ಯುನ್ ಜಿ-ಚುಂಗ್ ಅವರನ್ನೂ ಒಂದು ಕ್ಷಣ ನೆನೆಯಿರಿ. ಅಗಲಿದ ಎಲ್ಲ ಭಕ್ತವಿಶ್ವಾಸಿಗಳಿಗೆ ದಯಾಮಯ ದೇವರು ತಮ್ಮ ಬೆಳಕನ್ನೂ ಶಾಂತಿಯನ್ನೂ ಕರುಣಿಸಲಿ.